ವಾರ್ನಿಶಿನ ಮೇಲಿನ ಹೂವು

ನಾನು ಬರೆದ ಮುಖಗಳಲ್ಲಿ ಹೆಚ್ಚಿನವನ್ನು ನಾನು ನೋಡಿಯೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಗ ಗೋಕಾಕದಲ್ಲೂ ಘಟಪ್ರಭೆಯಲ್ಲೂ ಫೋಟೋ ಅಂಗಡಿಗಳಾಗಿವೆ. ಅಲ್ಲಿ ಫೋಟೋ ದೊಡ್ಡದು ಮಾಡಿ ಅದರ ಮೇಲೆ ಬಣ್ಣ ಹಚ್ಚುವ ಹುಡುಗರು ಆಗೊಮ್ಮೆ ಈಗೊಮ್ಮೆ ನನ್ನ ಹತ್ತಿರ ಬರುತ್ತಾರೆ. “ಅಜ್ಜಾ, ಫೋಟೋ ಇಲ್ಲದ ಹೆಂಗ ಬರೀತಿದ್ರಿ?” ಎಂದು ಕೇಳುತ್ತಾರೆ. ಕೇಳಿ, ನಾನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ತಮ್ಮದೇ ಮಾತು ಶುರು ಮಾಡುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಓದುವಾಗಲಾದರೂ ನಡುವೆ ಬಾಯಿ ಹಾಕಲಿಕ್ಕೆ ಬರುವುದಿಲ್ಲ.

ನಮ್ಮದು ಸತ್ತವರ ಚಿತ್ರ ಬರೆಯುವ ಕಸಬು. ಬದುಕಿದ್ದವರು ಬರೆಸಿಕೊಳ್ಳುತ್ತಿರಲಿಲ್ಲ. ಬರೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹೆದರುತ್ತಿದ್ದರು. ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿರುತ್ತಿದ್ದರು. ಅಲ್ಲೇ ಸತ್ತವರನ್ನು ಅಲ್ಲೇ ಗಡಿಬಿಡಿಯಿಂದ ಸುಟ್ಟೋ ಹೂಳಿಯೋ ಬರುತ್ತಿದ್ದರು. ಒಂದೆರಡು ವರ್ಷ ಕಳೆದು ಮನೆ ಶಾಂತವಾದ ಮೇಲೆ, ಒಂದು ದಿನ ಮಗನಿಗೆ ಅಪ್ಪನ ಮುಖ ನೆನಪಾಗುತ್ತಿಲ್ಲ ಎಂದು ಗೊತ್ತಾಗುತ್ತಿತ್ತು. ಆಗ ಅವನು ಗಾಬರಿಯಾಗಿ ಬಂಡಿ ಕಟ್ಟಿಸಿ ಗೋಕಾಕಕ್ಕೆ ನಮ್ಮ ಅಂಗಡಿಗೆ ಬರುತ್ತಿದ್ದ.

ಅಂಗಡಿ ಇಮಾಮಸಾಬ ಉಸ್ತಾದರದು. ನಮ್ಮಪ್ಪ ಕಟ್ಟಿಗೆಯ ಬಾಳೆಹಣ್ಣು, ಮಾವಿನಹಣ್ಣು ಮಾಡಿ ಬಣ್ಣ ಹಚ್ಚಿ ಮಾರುತ್ತಿದ್ದ. ನನ್ನ ಕೈ ಅದಕ್ಕಿಂತ ನುಣುಪು ಎಂದು ಅವನಿಗೇ ಅನ್ನಿಸಿ ಉಸ್ತಾದರ ಕಡೆ ಕಳಿಸಿದ. ಉಸ್ತಾದರು ಮುಂಬಯಿಯಲ್ಲಿ ಕೆಲವು ವರ್ಷ ಚಿತ್ರ ಕಲಿತು ಬಂದವರು. ಬಾಯಿ ಬಹಳ ಹರಿತ. ಕುಂಚ ಸರಿಯಾಗಿ ತೊಳೆಯದಿದ್ದರೆ ಅದೇ ಕುಂಚವನ್ನು ಮುಖಕ್ಕೆ ಎಸೆಯುತ್ತಿದ್ದರು. ಹೊಗಳಿದ್ದು ಕಡಿಮೆ. “ನಿನ್ನ ಗಿಡಾ ನೋಡಿದರ ದನಾನೂ ಮೇಯಂಗಿಲ್ಲ” ಎಂದದ್ದು ಈಗಲೂ ಕಿವಿಯಲ್ಲಿದೆ. ಆದರೆ ಅವರು ಕಲಿಸಿದ್ದರಲ್ಲಿ ಒಂದೂ ಸುಳ್ಳಾಗಲಿಲ್ಲ.

ಅವರ ಹತ್ತಿರ ಒಂದು ದೊಡ್ಡ ಪುಸ್ತಕವಿತ್ತು. ಜಲಪಾತದ ಕಡೆ ಬಂಗಲೆಯಲ್ಲಿದ್ದ ಒಬ್ಬ ಬಿಳಿ ಸಾಹೇಬ ತನ್ನ ದೇಶಕ್ಕೆ ಹೋಗುವಾಗ ಸಾಮಾನು ಲಿಲಾವು ಮಾಡಿದ್ದ. ಎಲ್ಲರೂ ಕುರ್ಚಿ, ಕನ್ನಡಿಗಳಿಗೆ ಮುಗಿಬಿದ್ದಾಗ ಉಸ್ತಾದರು ಆ ಪುಸ್ತಕ ಹಿಡಿದುಕೊಂಡು ಬಂದಿದ್ದರು. ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿದ್ದ ಒಬ್ಬ ಚಿತ್ರಗಾರ ಬರೆದ ಮುಖಗಳು, ಊರು, ಅಡವಿ, ಕೆರೆ ಎಲ್ಲ ಅದರಲ್ಲಿ ಅಚ್ಚಾಗಿದ್ದವು. ಅವನ ಹೆಸರನ್ನು ಉಸ್ತಾದರು ಒಂದೊಂದು ಸಲ ಒಂದೊಂದು ರೀತಿ ಹೇಳುತ್ತಿದ್ದರು. ತಪ್ಪು ಬರೆಯುವುದಕ್ಕಿಂತ ಬಿಡುವುದು ವಾಸಿ. ನಾವು ಅವನನ್ನು ಗಿಡದ ಸಾಹೇಬ ಎನ್ನುತ್ತಿದ್ದೆವು, ಯಾಕೆಂದರೆ ಅವನು ಯಾರನ್ನು ಬರೆದರೂ ಹಿಂದೆ ಒಂದು ದೊಡ್ಡ ಗಿಡ ಇರುತ್ತಿತ್ತು. ಗಿಡದಾಚೆ ಹೊಲ, ಹೊಲದಾಚೆ ಮೋಡ.

ಉಸ್ತಾದರು ಪುಸ್ತಕ ಓದಿ ನಮಗೆ ಹೇಳುತ್ತಿದ್ದರು. ಗಿಡದ ಸಾಹೇಬನಿಗೆ ಮನಸ್ಸಿದ್ದದ್ದು ಅಡವಿ, ಹೊಲ ಬರೆಯುವುದರಲ್ಲಂತೆ. ಹೊಟ್ಟೆ ತುಂಬಿಸಿದ್ದು ಮಾತ್ರ ದೊಡ್ಡವರ ಮುಖಗಳು. ಮುಖ ಬರೆದು ಬರೆದು ಬೇಸತ್ತು, ಊರು ಬಿಟ್ಟು ಎಲ್ಲಾದರೂ ಹಳ್ಳಿಗೆ ಹೋಗಿ ಬರೇ ಗಿಡ ಬರೆದುಕೊಂಡು ಇರಬೇಕು ಎನ್ನುತ್ತಿದ್ದನಂತೆ. ಹೋಗಲಿಕ್ಕೆ ಆಗಲಿಲ್ಲ. ಹಾಗಾಗಿ ಮನೆಯೊಳಗೇ ಮೇಜಿನ ಮೇಲೆ ಕಲ್ಲು, ಇದ್ದಿಲು, ಪಾಚಿ, ಸೊಪ್ಪು ಇಟ್ಟು, ಕನ್ನಡಿ ಚೂರಿನಿಂದ ಕೆರೆ ಮಾಡಿ, ಅದನ್ನೇ ನೋಡಿ ಅಡವಿ ಬರೆಯುತ್ತಿದ್ದ. ಹೆಂಗಸರ ನಿಲುವಂಗಿ ಬರೆಯಬೇಕಾದರೆ ಗೊಂಬೆಗೆ ಉಡಿಸಿ ಬರೆಯುತ್ತಿದ್ದನೆಂದೂ ಹೇಳುತ್ತಿದ್ದರು. ಉಸ್ತಾದರು ಇದನ್ನೆಲ್ಲ ಹಾಗೇ ಹಿಡಿದರು. ನಮ್ಮ ಅಂಗಡಿಯಲ್ಲಿ ಒಂದು ಮೊರ ಇತ್ತು. ಅದರಲ್ಲಿ ಘಟಪ್ರಭೆಯ ಹೊಳೆಕಲ್ಲು, ಒಣಗಿದ ತುಳಸಿ ಕಡ್ಡಿ, ಕೊತ್ತಂಬರಿ ಸೊಪ್ಪು, ಒಡೆದ ಕನ್ನಡಿ ಇಟ್ಟು ಇಂಗ್ಲೆಂಡು ಮಾಡುತ್ತಿದ್ದೆವು. ಸಂಜೆಗೆ ಕೊತ್ತಂಬರಿ ಬಾಡಿದರೆ ಇಂಗ್ಲೆಂಡಿನ ಅಡವಿಯೂ ಬಾಡುತ್ತಿತ್ತು. ಹೀಗಾಗಿ ಗೋಕಾಕ ತಾಲೂಕಿನ ಸತ್ತವರೆಲ್ಲ ಇಂಗ್ಲೆಂಡಿನ ಗಿಡದ ಕೆಳಗೆ ರುಮಾಲು ಸುತ್ತಿಕೊಂಡು ಕುಳಿತರು. ಒಂದೇ ವ್ಯತ್ಯಾಸ. ಗಿಡದ ಸಾಹೇಬನ ಮುಂದೆ ಕುಳಿತವರು ಬದುಕಿದ್ದರು.

ನನಗೂ ಬರೇ ಹೊಲ, ಹೊಳೆ ಬರೆಯುವ ಹುಚ್ಚು ಹತ್ತಿತು. ಜಲಪಾತದ ಕೆಳಗೆ ಹೊಳೆ ತಿರುಗುವ ಜಾಗವನ್ನು ಬರೆದು ಅಂಗಡಿಯಲ್ಲಿ ತೂಗುಹಾಕಿದೆ. ಒಬ್ಬ ವ್ಯಾಪಾರಿ ಬಹಳ ಹೊತ್ತು ಅದರ ಮುಂದೆ ನಿಂತ. ನನ್ನ ಎದೆ ಉಬ್ಬಿತು. ಅವನು ತಿರುಗಿ, “ಚಲೋ ಐತಿ. ಇದರಾಗ ಸತ್ತವರು ಯಾರು?” ಎಂದು ಕೇಳಿದ. ಉಸ್ತಾದರು ಮಸೀದಿಯಿಂದ ಬಂದು ಇದನ್ನು ಕೇಳಿ ನಕ್ಕರು. ಅವರು ನಗುವುದೇ ಅಪರೂಪ, ನಕ್ಕರೂ ನನ್ನನ್ನು ನೋಡಿಯೇ.

ಇನ್ನು ಕೆಲಸದ ರೀತಿ. ಮೊದಲು ಮನೆಯವರನ್ನು ಕೂರಿಸಿ ಕೇಳಬೇಕು. ಮೂಗು ಯಾರ ಹಾಗೆ? ಹಣೆ ಅಗಲವೋ? ನಗುವಾಗ ಹಲ್ಲು ಕಾಣುತ್ತಿತ್ತೋ? ಆಮೇಲೆ ಸತ್ತವರ ಅಣ್ಣನೋ ತಂಗಿಯೋ ಇದ್ದರೆ ಅವರ ಊರಿಗೆ ಹೋಗಿ ಅವರ ಮುಖ ನೋಡಿಕೊಂಡು ಬರಬೇಕು. ಮೈ ಬರೆಯಲಿಕ್ಕೆ ಅದೇ ಅಳತೆಯ ಒಬ್ಬರನ್ನು ಸತ್ತವರ ಬಟ್ಟೆ ಉಡಿಸಿ ಕೂರಿಸಬೇಕು. ಇಲ್ಲಿ ಉಸ್ತಾದರದೊಂದು ಕಟ್ಟಪ್ಪಣೆ. ಹಾಗೆ ಕುಳಿತವರ ಮುಖಕ್ಕೆ ಬಟ್ಟೆ ಮುಚ್ಚಿರಬೇಕು. “ಕುಂತವರ ಮುಖಾ ಕಂಡಿತಂದರ ಸತ್ತವರ ಮುಖಾ ಹೋತು” ಎನ್ನುತ್ತಿದ್ದರು. ಮುಖವನ್ನು ಕೇಳಿ ಬರೆಯಬೇಕು, ಕೈಯನ್ನು ಮಾತ್ರ ಕಣ್ಣಾರೆ ನೋಡಿ ಬರೆಯಬೇಕು. ಸುಳ್ಳು ಕೈ ಬರೆದರೆ ಇಡೀ ಚಿತ್ರ ಸುಳ್ಳಾಗುತ್ತದೆ ಎಂದು ಅವರ ನಂಬಿಕೆ.

ವಾರ್ನಿಶಿನ ಪಾಠವನ್ನು ನಾವು ಹತ್ತರಗಿಯ ಒಬ್ಬ ಗೌಡರಿಂದ ಕಲಿತೆವು. ಸತ್ತ ಮೇಲೆ ಕಲಿಸಿದರು, ಪಾಪ. ಅವರ ಇಬ್ಬರು ಮಕ್ಕಳು ಬೇರೆಯಾಗಿದ್ದರು. ಹಿರಿಯವನು ಅಪ್ಪನಿಗೆ ದಪ್ಪ ಮೀಸೆ ಇತ್ತೆಂದ. ಬರೆದೆವು. ಕಿರಿಯವನು ಅಂಗಡಿಗೆ ಬಂದು, “ನಮ್ಮಪ್ಪ ಮೀಸಿ ತಗದು ಎಷ್ಟೋ ವರ್ಷ ಆಗಿತ್ತು. ಇವ ಯಾವ ಗೌಡ?” ಎಂದು ಕೂಗಾಡಿದ. ಮೀಸೆ ಕೆರೆದು ತೆಗೆಯುವಾಗ ತುಟಿಯೇ ಕಿತ್ತುಬಂತು. ತಿದ್ದಿದರೆ ಬಾಯಿ ಸೊಟ್ಟಗಾಯಿತು. ಆಮೇಲೆ ಇಬ್ಬರೂ ಸೇರಿ, ಬೇರೆಯಾದ ಮೇಲೆ ಮೊದಲ ಸಲ ಒಂದಾಗಿ, ನಮ್ಮನ್ನು ಬೈದರು.

ಅಂದಿನಿಂದ ಉಸ್ತಾದರು ನೇಮ ಮಾಡಿದರು. ಚಿತ್ರ ಪೂರ್ತಿ ಒಣಗಿದ ಮೇಲೆ ಅದರ ಮೇಲೆ ಗಾಜಿನಂತೆ ತಿಳಿಯಾದ ವಾರ್ನಿಶ್ ಹಚ್ಚುತ್ತೇವಲ್ಲ, ಮನೆಯವರು ಏನಾದರೂ ತಿದ್ದಲು ಹೇಳಿದರೆ ಅದನ್ನು ಆ ವಾರ್ನಿಶಿನ ಮೇಲೆ ಬರೆಯಬೇಕು. “ನಾಳೆ ಅವರ ಮನಸ್ಸು ತಿರುಗಿತಂದರ ಸ್ಪಿರಿಟ್ ಅರಿವಿಲೆ ಒರಸು. ಮ್ಯಾಲಿಂದು ಹೋಗತೈತಿ, ಕೆಳಗಿಂದು ಹಂಗ ಉಳೀತೈತಿ” ಎಂದು ಹೇಳಿಕೊಟ್ಟರು. ಹುಡುಗರೇ, ಇದನ್ನು ಗಂಟು ಹಾಕಿಕೊಳ್ಳಿರಿ. ಮುಂದೆ ಬೇಕಾಗುತ್ತದೆ.

ಹುಕ್ಕೇರಿಯ ಪಾಯಪ್ಪ ಸಾವಕಾರರು ಜೈನ ವ್ಯಾಪಾರಸ್ಥರು. ಅವರ ಮೊದಲ ಹೆಂಡತಿ ಪದ್ಮಾವತಿ ಪ್ಲೇಗಿನಲ್ಲಿ ಹೋಗಿದ್ದಳು. ಅವಳ ಮಗ ಆಗ ಇನ್ನೂ ತೊಟ್ಟಿಲಲ್ಲಿದ್ದ. ಈಗ ಅವನು ಓಡಾಡುವಂತಾಗಿ, ನಮ್ಮವ್ವ ಹೆಂಗಿದ್ದಳು ಎಂದು ಮನೆಯವರನ್ನೆಲ್ಲ ಕೇಳುತ್ತಿದ್ದನಂತೆ. ಅದಕ್ಕೆ ಅಜ್ಜಿ ಜಿನ್ನವ್ವ ಚಿತ್ರ ಬರೆಸಬೇಕೆಂದು ಹಟ ಹಿಡಿದಿದ್ದರು. ಉಸ್ತಾದರಿಗೆ ಮೊಣಕಾಲು ನೋವು. ಬರೆಯುವ ಕೆಲಸವನ್ನು ನನಗೇ ವಹಿಸಿದರು.

ಪದ್ಮಾವತಿಯ ತಂಗಿ ಮೂಡಲಗಿಯಲ್ಲಿದ್ದಳು. ಅಲ್ಲಿಗೆ ಹೋಗಿ ಅವಳ ಮುಖ ನೋಡಿ ಗೀಚಿಕೊಂಡು ಬಂದೆ. ಅಕ್ಕನ ಮುಖ ತನ್ನದಕ್ಕಿಂತ ದುಂಡಗಿತ್ತು ಎಂದು ಅವಳು ಹೇಳಿದಳು, ಹೇಳಿ ಅತ್ತಳು. ಅಲ್ಲಿಂದ ಹುಕ್ಕೇರಿಗೆ ಬಂದರೆ, ಮೈ ಬರೆಯಲು ಯಾರನ್ನು ಕೂರಿಸುತ್ತಾರೆ ಎಂಬುದು ಆಗಲೇ ನಿಶ್ಚಯವಾಗಿತ್ತು. ಸಾವಕಾರರ ಎರಡನೆಯ ಹೆಂಡತಿ ಚಂದವ್ವ. ಅಳತೆ ಅದೇ ಇದೆ, ಪರರ ಮನೆಯ ಹೆಂಗಸನ್ನು ಯಾಕೆ ಕರೆಯಬೇಕು ಎಂದರು ಜಿನ್ನವ್ವ.

ಚಂದವ್ವ ಸತ್ತವಳ ಇಳಕಲ್ಲ ಸೀರೆ ಉಟ್ಟು, ಸತ್ತವಳ ಸರ ಹಾಕಿಕೊಂಡು ಪಡಸಾಲೆಯ ಚಾಪೆಯ ಮೇಲೆ ಕುಳಿತಳು. ಸೆರಗನ್ನು ಮುಖದ ಮೇಲೆ ಗದ್ದದವರೆಗೆ ಎಳೆದುಕೊಂಡಿದ್ದಳು. ನಾನು ಆ ಮನೆಯಲ್ಲಿದ್ದಷ್ಟು ದಿನವೂ ಅವಳ ಕುತ್ತಿಗೆ, ಭುಜ, ಕೈಗಳನ್ನು ನೋಡಿದೆ. ಮುಖ ನೋಡಲಿಲ್ಲ. ನನಗೆ ಆಗ ಅದು ವಿಚಿತ್ರ ಅನ್ನಿಸಲೂ ಇಲ್ಲ. ಕಸಬೇ ಹಾಗಿತ್ತು.

ಜಿನ್ನವ್ವ ಒಳಗೆ ಹೋದಾಗ ಅವಳು ಮೆಲ್ಲಗೆ ಮಾತಾಡುತ್ತಿದ್ದಳು. ಧ್ವನಿ ಎಳೆಯದು. ಮೊದಲ ದಿನ ಕೇಳಿದ್ದು, “ಅಣ್ಣಾ, ಉಸರಾಡಬಹುದಲ್ಲ?” ಎಂದು. ಆಮೇಲೆ ನಾನು ಜೊತೆಗೆ ಒಯ್ದಿದ್ದ ಉಸ್ತಾದರ ಪುಸ್ತಕವನ್ನು ಸೆರಗಿನ ಸಂದಿಯಿಂದಲೇ ನೋಡಿದಳು. ಗಂಡ ಹೆಂಡತಿ ಗಿಡದ ಕೆಳಗೆ ಇರುವ ಒಂದು ಚಿತ್ರ ಅದರಲ್ಲಿದೆ. ಗಂಡ ಬಂದೂಕು ಹಿಡಿದು ನಿಂತಿದ್ದಾನೆ, ಹೆಂಡತಿ ಅಗಲವಾದ ನಿಲುವಂಗಿ ಹರಡಿ ಕುಳಿತಿದ್ದಾಳೆ, ಆಚೆ ಕೊಯ್ದ ಪೈರಿನ ಸೂಡುಗಳು. ಹೆಂಡತಿಯ ಮಡಿಲ ಜಾಗವನ್ನು ಮಾತ್ರ ಚಿತ್ರಗಾರ ಬರೆಯದೆ ಖಾಲಿ ಬಿಟ್ಟಿದ್ದಾನೆ.

“ಈಕಿ ಮಡಲಾಗ ಏನೂ ಇಲ್ಲಲ್ಲ?” ಎಂದಳು.

“ಬರಿಯೋದು ಬಿಟ್ಟಾನ ತಂಗಿ. ಏನ ಬರೀಬೇಕಂತಿದ್ದನೋ ಯಾರಿಗೂ ಗೊತ್ತಿಲ್ಲ.”

“ಕೂಸ ಇರಬೇಕ ತಗೋರಿ. ಮತ್ತೇನ ಇರತೈತಿ ಮಡಲಾಗ?”

ಹಿಂದಿನ ದೃಶ್ಯ ಬರೆಯಲೆಂದು ನಾನು ಮೊರದಲ್ಲಿ ಕಲ್ಲು, ಕಡ್ಡಿ ಜೋಡಿಸಿಕೊಂಡಿದ್ದೆ. ಹಿಂದೆ ಏನು ಬರೆಯಲಿ ಎಂದು ಜಿನ್ನವ್ವರನ್ನು ಕೇಳಿದರೆ, “ಏನರ ಬರೀರಿ, ಮುಖಾ ನಮ್ಮ ಪದ್ಮಾವತೀದಂಗ ಬಂದರ ಸಾಕು” ಎಂದಿದ್ದರು. ಚಂದವ್ವ ಮೊರವನ್ನು ನೋಡಿ, “ಇದು ಯಾವ ಊರಣ್ಣಾ?” ಎಂದಳು.

“ಯಾವ ಊರೂ ಅಲ್ಲ. ಬಿಲಾಯತಿ.”

“ಹಂಗಾರ ನಮ್ಮೂರ ಮಾಡಲ್ಯಾ?”

ನನ್ನ ಉತ್ತರಕ್ಕೆ ಕಾಯದೆ ಮೊರವನ್ನು ತನ್ನ ಕಡೆ ಎಳೆದುಕೊಂಡಳು. ಅವಳ ತವರು ಕುಲಗೋಡ. ಕನ್ನಡಿ ಚೂರನ್ನು ತೆಗೆದು ಸಣ್ಣದೊಂದು ತುಂಡು ಮಾತ್ರ ಉಳಿಸಿಕೊಂಡು ಸುತ್ತ ಕಲ್ಲು ಇಟ್ಟಳು. “ಇದು ಬಾವಿ.” ತುಳಸಿ ಕಡ್ಡಿಯನ್ನು ಊರಿ ಒಂದು ಸಣ್ಣ ಕವಲನ್ನು ಬಾಗಿಸಿದಳು. “ಇದು ಹುಣಸಿ ಗಿಡಾ. ಒಂದು ಟೊಂಗಿ ಬಾವಿ ಮ್ಯಾಲ ಬಾಗೇತಿ. ಕಾಯಿ ನೀರಾಗ ಬೀಳತಾವು.” ಎಡಗಡೆಗೆ ಕಬ್ಬಿನ ಗಾಣ. ಅದರ ಬಾಜೂ ಬೆಲ್ಲದ ಕೊಪ್ಪರಿಗೆ. ಕೊನೆಗೆ ಒಂದು ಚಪ್ಪಟೆ ಕಲ್ಲು ಹುಡುಕಿ ಗಿಡದ ಬುಡಕ್ಕೆ ಇಟ್ಟಳು. “ಇಲ್ಲಿ ನಮ್ಮಪ್ಪ ಕುಂಡ್ರತಾನ.”

ಆಗಲೇ ಅವಳ ಎಡಗೈ ನನಗೆ ಚೆನ್ನಾಗಿ ಕಂಡದ್ದು. ಹೆಬ್ಬೆರಳಿನ ಕೆಳಗಿನಿಂದ ಮಣಿಕಟ್ಟಿನವರೆಗೆ ಹಳೆಯ ಸುಟ್ಟ ಕಲೆ ಇತ್ತು. ಚರ್ಮ ಮುದುರಿ ಹೊಳೆಯುತ್ತಿತ್ತು.

“ಅಣ್ಣಾ,” ಎಂದಳು, “ಮುಖಾ ಅಕ್ಕಂದು. ಸೀರಿ, ಸರಾ ಅಕ್ಕಂದು. ಬೆನ್ನ ಹಿಂದರ ನಂದು ಇರ್ಲಿ. ಯಾರಿಗೂ ಗೊತ್ತಾಗಂಗಿಲ್ಲ.”

ಬರೆಯುತ್ತೇನೆ ಎಂದೆ. ಬಾವಿ, ಬಾಗಿದ ಟೊಂಗೆ, ಗಾಣ, ಚಪ್ಪಟೆ ಕಲ್ಲು ಎಲ್ಲವನ್ನೂ ಅವಳು ಇಟ್ಟ ಹಾಗೇ ಬರೆದೆ. ನಾನು ನೋಡದ ಊರನ್ನು ಅಷ್ಟು ಮನಸ್ಸಿಟ್ಟು ಯಾವತ್ತೂ ಬರೆದಿರಲಿಲ್ಲ. ಕೈಯನ್ನು ಉಸ್ತಾದರು ಕಲಿಸಿದಂತೆ ಕಂಡ ಹಾಗೆ ಬರೆದೆ, ಕಲೆಯ ಸಮೇತ. ಬೇಕೆಂದು ಬರೆದೆನೋ ಅಭ್ಯಾಸದಿಂದ ಬರೆದೆನೋ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅಭ್ಯಾಸದಿಂದಲೇ ಇರಬೇಕು. ಅಂಥ ಧೈರ್ಯ ನನಗೆಲ್ಲಿತ್ತು?

ಅಂಗಡಿಗೆ ತಂದು ಮುಖ ಮುಗಿಸಿ, ಒಣಗಿಸಿ, ವಾರ್ನಿಶ್ ಹಚ್ಚಿ ಉಸ್ತಾದರೂ ನಾನೂ ಹುಕ್ಕೇರಿಗೆ ಒಯ್ದೆವು. ಜಿನ್ನವ್ವ ಮುಖ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಅಕೀನ ಬಂದು ಕುಂತಂಗ ಆತ್ರಿ ಉಸ್ತಾದ” ಎಂದರು. ಆಮೇಲೆ ಅವರ ಕಣ್ಣು ಕೈಯ ಮೇಲೆ ಬಿತ್ತು.

“ಇದೇನ್ರಿ? ಪದ್ಮಾವತಿ ಕೈ ಹಾಲಿನಂಗ ಇತ್ತು. ಈ ಸುಟ್ಟ ಕಲಿ ಇಕೀದು. ನಾಳೆ ನಮ್ಮ ಹುಡುಗ ದೊಡ್ಡಾವಾಗಿ ನಮ್ಮವ್ವನ ಕೈ ಯಾಕ ಸುಟ್ಟಿತ್ತು ಅಂತ ಕೇಳಿದರ ಏನ ಹೇಳ್ಲಿ?”

ಬಾಗಿಲ ಸಂದಿಯಲ್ಲಿ ಸೆರಗು ಕಂಡಿತು. ಚಂದವ್ವ ನಿಂತಿದ್ದಳು, ಅಲ್ಲೂ ಮುಖ ಕಾಣಲಿಲ್ಲ. ಮಾತಾಡುವ ಹಕ್ಕು ಅವಳಿಗಿರಲಿಲ್ಲ. ಜಿನ್ನವ್ವ ಹೇಳಿದ್ದು ನ್ಯಾಯವೇ ಎಂದು ನನಗೂ ಗೊತ್ತಿತ್ತು, ಅದಕ್ಕೇ ಇನ್ನೂ ಸಂಕಟವಾಯಿತು. ಉಸ್ತಾದರು ನನ್ನ ಕಡೆ ಒಮ್ಮೆ ನೋಡಿ, “ಗಿಡದ ಸಾಹೇಬನ ಹೆಣ್ಮಕ್ಕಳು ಕೈಯಾಗ ಹೂ ಹಿಡೀತಾರಲ್ಲ, ಹಂಗೊಂದು ಹಾಕಿಬಿಡು” ಎಂದರು. ನಾನು ಅಲ್ಲೇ ಕುಳಿತು ಕಲೆಯ ಮೇಲೆ ಒಂದು ಬಿಳಿ ಹೂವು ಬರೆದೆ. ವಾರ್ನಿಶಿನ ಮೇಲೆ.

ಆಮೇಲೆ ಕಾಲ ಬದಲಾಯಿತು. ಕ್ಯಾಮೆರಾ ಬಂತು. ಫೋಟೋದವರಿಗೆ ಹಿಂದೆ ಕಟ್ಟುವ ಪರದೆ ಬೇಕಾಯಿತು. ಉಸ್ತಾದರೂ ನಾನೂ ಅದೇ ಇಂಗ್ಲೆಂಡಿನ ಗಿಡವನ್ನು ಪರದೆಗಳ ಮೇಲೆ ಬರೆದುಕೊಟ್ಟೆವು. ಈಗ ಅದರ ಮುಂದೆ ಬದುಕಿದ್ದವರು, ಮದುಮಕ್ಕಳು, ಹೊಸ ಕೋಟು ಹಾಕಿಕೊಂಡವರು ನಿಲ್ಲತೊಡಗಿದರು. ಆಯುಷ್ಯ ಕಡಿಮೆಯಾಗುತ್ತದೆ ಎಂಬ ಭಯ ಎಲ್ಲಿ ಹೋಯಿತೋ! ಮುಖ ಕೇಳಿ ಬರೆಯುವ ಕೆಲಸ ಬರಬರುತ್ತ ಕಡಿಮೆಯಾಯಿತು. ಉಸ್ತಾದರ ಕಣ್ಣಿಗೆ ಪೊರೆ ಬಂದು ಅವರು ಅಂಗಡಿಯ ಮೂಲೆಯಲ್ಲಿ ಕುಳಿತು ಬಣ್ಣದ ವಾಸನೆಯಿಂದಲೇ ತಪ್ಪು ಹಿಡಿದು ನನ್ನನ್ನು ಬೈಯತೊಡಗಿದರು.

ಅಂಥ ದಿನಗಳಲ್ಲಿ ವಯಸ್ಸಾದ ರೈತರೊಬ್ಬರು ಕುಲಗೋಡದಿಂದ ಬಂಡಿ ಹೊಡೆದುಕೊಂಡು ಬಂದರು. ಹೆಸರು ಆದಪ್ಪ. ಅಂಗಡಿಯ ಮುಂದೆ ಚಪ್ಪಲಿ ಬಿಟ್ಟು ಒಳಗೆ ಬಂದು, “ನನ್ನ ಮಗಳ ಚಿತ್ರಾ ಬರಸಬೇಕ್ರಿ. ನೀವು ಅಕಿನ್ನ ನೋಡೀರಿ. ಹುಕ್ಕೇರಿ ಪಾಯಪ್ಪ ಸಾವಕಾರರಿಗೆ ಕೊಟ್ಟಿದ್ದಿವ್ರಿ. ಚಂದವ್ವ” ಎಂದರು.

ಹೆರಿಗೆಯಲ್ಲಿ ಹೋಗಿದ್ದಳು. ಕೂಸೂ ಉಳಿಯಲಿಲ್ಲ. ಸಾವಕಾರರು ಆಗಲೇ ಮೂರನೆಯ ಮದುವೆ ಮಾಡಿಕೊಂಡಿದ್ದರು. ಆ ಮದುವೆಯಲ್ಲಿ ಫೋಟೋ ತೆಗೆಸಿದ್ದರಂತೆ. ಚಂದವ್ವನ ಚಿತ್ರವನ್ನು ಮಾತ್ರ ಆ ಮನೆಯಲ್ಲಿ ಯಾರೂ ಬರೆಸಲಿಲ್ಲ. ಕೇಳುವ ಮಕ್ಕಳನ್ನು ಅವಳು ಬಿಟ್ಟುಹೋಗಿರಲಿಲ್ಲ.

“ದಿನಗಟ್ಟಲೆ ಎದರಿಗೆ ಕುಂಡ್ರಿಸಿಕೊಂಡು ಬರದೀರಂತ, ಅಕೀನ ಹೇಳಿದ್ದಳು” ಎಂದರು ಆದಪ್ಪ. “ನಿಮಗ ಅಕಿ ಮುಖಾ ಗೊತ್ತಿರತೈತಿ.”

ನಾನು ಮುಖ ನೋಡಿಲ್ಲ ಎಂದು ಹೇಳಬೇಕಾಯಿತು. ಯಾಕೆ ನೋಡಿಲ್ಲ ಎಂಬುದನ್ನೂ ಹೇಳಬೇಕಾಯಿತು. ಆ ಹಿರಿಯರು ನನ್ನನ್ನೇ ನೋಡುತ್ತ ಕುಳಿತರು. ನನ್ನ ಇಡೀ ಕಸಬಿನ ಮೇಲೆ ನನಗೆ ಹೇಸಿಗೆ ಬಂದದ್ದು ಅವತ್ತೊಂದೇ ದಿನ.

ಕೇಳಿ ಬರೆಯೋಣ ಎಂದು ಹಾಳೆ ತೆಗೆದೆ. ಮೂಗು ಹೇಗಿತ್ತು? “ಚಂದ ಇತ್ರಿ.” ಹಣೆ? “ಹಣಿ... ಹಣಿ ಇದ್ದಂಗ ಇತ್ರಿ.” ಅವಳಿಗೆ ಅಕ್ಕತಂಗಿಯರಿರಲಿಲ್ಲ. ತಾಯಿ ಎಂದೋ ತೀರಿಹೋಗಿದ್ದಳು. ತಾಯಿಯನ್ನೇ ಹೋಲುತ್ತಿದ್ದಳೆಂದು ಆದಪ್ಪ ಹೇಳಿದರು. ಬರೆದದ್ದನ್ನೆಲ್ಲ ತೋರಿಸಿದೆ. ಒಂದೊಂದಕ್ಕೂ ತಲೆ ಅಲ್ಲಾಡಿಸಿದರು. ಕೊನೆಗೆ ಕೈಮುಗಿದು, “ಎದರಿಗೆ ಬಂದರ ಸಾವಿರ ಮಂದಿಯೊಳಗ ಗುರ್ತ ಹಿಡೀತೇನ್ರಿ. ಹೇಳಾಕ ಬರಂಗಿಲ್ಲ. ಬಿಟ್ಟಬಿಡ್ರಿ” ಎಂದರು.

ಮೂಲೆಯಿಂದ ಉಸ್ತಾದರು ನನ್ನನ್ನು ಕರೆದರು. “ಈರಪ್ಪಾ, ಹುಕ್ಕೇರಿಯವರು ಆ ಚಿತ್ರಾ ಹೊಗಿ ಹಿಡದೈತಿ, ತೊಳದು ಕೊಡ್ರಿ ಅಂತ ಹೇಳಿಕಳಿಸ್ಯಾರಲ್ಲ. ಹೋಗು. ಇವರನ್ನೂ ಕರಕೊಂಡು ಹೋಗು.” ಇಷ್ಟೇ ಹೇಳಿದ್ದು. ಆದರೆ ಅವರ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತಾಯಿತು.

ಆದಪ್ಪನವರ ಬಂಡಿಯಲ್ಲೇ ಹೋದೆವು. ಸಾವಕಾರರು ಪೇಟೆಗೆ ಹೋಗಿದ್ದರು, ಹುಡುಗ ಸಾಲೆಗೆ ಹೋಗಿದ್ದ. ಜಿನ್ನವ್ವ ಹಳೆಯ ಬೀಗರನ್ನು ನೋಡಿ ಒಂದು ಕ್ಷಣ ತಡವರಿಸಿ, “ಬರ್ರಿ, ಕುಂಡ್ರಿ” ಎಂದರು. ಮೂರನೆಯ ಸೊಸೆ ನೀರು ತಂದಿಟ್ಟು ಹೋದಳು. ಆದಪ್ಪ ನೀರು ಮುಟ್ಟಲಿಲ್ಲ. ಅವರು ಗೋಡೆಯ ಮೇಲಿನ ಚಿತ್ರದ ಹತ್ತಿರ ಹೋಗಿ ನಿಂತಿದ್ದರು. ಮುಖವನ್ನು ಅವರು ನೋಡಲೇ ಇಲ್ಲ. ಮುಖದ ಹಿಂದೆ ನೋಡುತ್ತಿದ್ದರು.

“ನಮ್ಮ ಬಾವಿ” ಎಂದರು. ಇನ್ನೂ ಹತ್ತಿರ ಸರಿದು, “ಆ ಟೊಂಗಿ ಹೋದ ವರ್ಷದ ಗಾಳಿಗೆ ಮುರದ ಬಿತ್ತ್ರಿ” ಎಂದರು. ಆಮೇಲೆ ಬಗ್ಗಿ, ಗಿಡದ ಬುಡದಲ್ಲಿದ್ದ ಚಪ್ಪಟೆ ಕಲ್ಲಿನ ಹತ್ತಿರ ಬೆರಳು ಒಯ್ದು ಮುಟ್ಟದೆ ಹಿಂದೆಗೆದುಕೊಂಡರು. “ಇದು ನಾ ಕುಂಡ್ರೋ ಕಲ್ಲು. ಇದನ್ನ ನಿಮಗ ಯಾರ ಹೇಳಿದರು?”

“ಅಕೀನ ಹೇಳಿದ್ದಳ್ರಿ.”

ಜಿನ್ನವ್ವ ಎದ್ದು ಬಂದರು. ಇಷ್ಟು ವರ್ಷ ದಿನವೂ ನೋಡಿದ ಚಿತ್ರವನ್ನು ಮೊದಲ ಸಲ ನೋಡಿದಂತೆ ನೋಡಿದರು. ನಾನು ಚಿತ್ರವನ್ನು ಇಳಿಸಿ ಬೆಳಕಿಗೆ ಇಟ್ಟೆ. ಸ್ಪಿರಿಟ್ ಹಾಕಿದ ಅರಿವೆಯಿಂದ ಮೊದಲು ಮೂಲೆಗಳ ಹೊಗೆ ತೆಗೆದೆ. ಆಮೇಲೆ ಯಾರನ್ನೂ ಕೇಳದೆ ಹೂವಿನ ಮೇಲೆ ಅರಿವೆ ಇಟ್ಟೆ. ಬಿಳಿ ಬಣ್ಣ ಕರಗಿ ಅರಿವೆಗೆ ಬಂತು. ಕೆಳಗಿನಿಂದ ಎಡಗೈ ಕಂಡಿತು, ಮುದುರಿದ ಚರ್ಮ, ಹೊಳೆಯುವ ಕಲೆ, ನಾನು ಬರೆದಾಗ ಹೇಗಿತ್ತೋ ಹಾಗೇ.

ಆದಪ್ಪ ಚಿತ್ರದ ಮುಂದೆ ನೆಲದ ಮೇಲೆ ಕುಳಿತರು. “ಬೆಲ್ಲದ ಪಾಕ ಸಿಡದಿತ್ರಿ” ಎಂದರು. “ಸಣ್ಣಾಕಿ ಇದ್ದಳು. ಕೊಪ್ಪರಿಗಿ ಹಂತ್ಯಾಕ ಬರಬ್ಯಾಡ ಅಂದರ ಕೇಳತಿದ್ದಿದ್ದಿಲ್ಲ. ಅಕಿ ಅಳಲಿಲ್ಲರಿ, ನಾ ಅತ್ತೆ. ಅಪ್ಪಾ, ಅಳಬ್ಯಾಡ, ನೋಯಂಗಿಲ್ಲ ಅಂತ ನನಗ ಸಮಾಧಾನ ಮಾಡಿದಳು.” ಹೀಗೆ ಹೇಳಿ, ಚಿತ್ರದ ಕೈಯ ಪಕ್ಕ ತಮ್ಮ ಕೈ ಇಟ್ಟು ಗೊಳೋ ಎಂದು ಅತ್ತರು. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ಮತ್ತೆ ನೋಡಿಲ್ಲ. ಬಾಗಿಲಲ್ಲಿ ಮೂರನೆಯ ಸೊಸೆ ನಿಂತು ನೋಡುತ್ತಿದ್ದಳು. ಜಿನ್ನವ್ವ ಅವಳನ್ನು ಒಳಗೆ ಹೋಗು ಎನ್ನಲಿಲ್ಲ.

ಅವರ ಅಳು ಇಳಿದ ಮೇಲೆ ಜಿನ್ನವ್ವ ಮೆಲ್ಲಗೆ ಮಾತಾಡಿದರು. “ಬೀಗರ, ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ. ನಮ್ಮ ಹುಡುಗ ಸಾಲಿಯಿಂದ ಬರೋ ಹೊತ್ತಾತು. ಹೂ ಹಿಡಕೊಂಡಾಕಿ ನಮ್ಮವ್ವ ಅಂತ ದಿನಾ ಕೈ ಮುಗದು ಹೋಗತಾನ. ಹೂ ಇಲ್ಲಂದರ...”

ನನಗೆ ಸಿಟ್ಟು ನೆತ್ತಿಗೇರಿತು. ಆಗುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಆದಪ್ಪನವರೇ ಕೈಯೆತ್ತಿ ನನ್ನನ್ನು ತಡೆದರು. ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡು ಎದ್ದು ನಿಂತರು.

“ಹಾಕ್ರಿ” ಎಂದರು. “ತಾಯಿ ಇಲ್ಲದ ಕೂಸು. ಅದಕ್ಯಾಕ ನಮ್ಮ ಸಂಕಟಾ.” ಆಮೇಲೆ ನನ್ನ ಹತ್ತಿರ ಬಂದು, ಜಿನ್ನವ್ವನಿಗೆ ಕೇಳದಷ್ಟು ಮೆಲ್ಲಗೆ ಕೇಳಿದರು: “ಹೂವಿನ ಕೆಳಗ ಕೈ ಇರತೈತಲ್ಲರಿ?”

“ಇರತೈತ್ರಿ” ಎಂದೆ.

ಕೈಯ ಮೇಲೆ ಮತ್ತೆ ಬೇಗ ಒಣಗುವ ವಾರ್ನಿಶ್ ಎಳೆದೆ. ಅದು ಒಣಗುವವರೆಗೆ ಆದಪ್ಪ ಅದರ ಮುಂದೆಯೇ ಕುಳಿತಿದ್ದರು. ಒಣಗಿದ ಮೇಲೆ ಅದೇ ಬಿಳಿ ಹೂವನ್ನು ಅದೇ ಜಾಗದಲ್ಲಿ ಬರೆದೆ. ಹುಡುಗ ಬಂದಾಗ ಚಿತ್ರ ಗೋಡೆಯ ಮೇಲಿತ್ತು. ಅವನು ಪಾಟಿಚೀಲ ಇಳಿಸಿ, ಹೂವಿಗೆ ಕೈಮುಗಿದು ಒಳಗೆ ಓಡಿದ.

ಆ ಚಿತ್ರ ಹುಕ್ಕೇರಿಯ ಆ ಮನೆಯಲ್ಲಿ ಈಗಲೂ ಇದೆ. ಆದಪ್ಪ ಇಲ್ಲ, ಜಿನ್ನವ್ವ ಇಲ್ಲ, ಉಸ್ತಾದರಿಲ್ಲ. ನನ್ನ ಕಣ್ಣೂ ಹೋಗುತ್ತಾ ಬಂದಿದೆ. ಎಂದಾದರೂ ಅದು ಹೊಗೆ ಹಿಡಿದು ನಿಮ್ಮಲ್ಲಿ ಯಾರದಾದರೂ ಕೈಗೆ ತೊಳೆಯಲು ಬಂದೀತು. ಹಿಂದೆ ಬಾವಿ, ಬಾಗಿದ ಹುಣಸೆ ಟೊಂಗೆ, ಗಾಣ, ಒಂದು ಚಪ್ಪಟೆ ಕಲ್ಲು ಇರುವುದರಿಂದ ಗುರುತು ಸಿಗುತ್ತದೆ. ಎಡಗೈಯ ಹೂವಿನ ಮೇಲೆ ಸ್ಪಿರಿಟ್ ಅರಿವೆಯನ್ನು ಹಗುರವಾಗಿ ಇಡಿರಿ. ಹೂವು ಹೋಗುತ್ತದೆ. ಕೆಳಗೆ ಕುಲಗೋಡದ ಚಂದವ್ವನ ಕೈ ಇದೆ. ಚೆನ್ನಾಗಿ ನೋಡಿಕೊಳ್ಳಿರಿ. ನೋಡಿ, ಮನೆಯವರು ಬರುವುದರೊಳಗೆ ಹೂವನ್ನು ಮತ್ತೆ ಬರೆದುಬಿಡಿರಿ. ವಾರ್ನಿಶಿನ ಮೇಲೆ ಬರೆಯಿರಿ.